ದೇವರ ಎತ್ತಿನ ಹಣೆಯ ಮೇಲೆ ಸ್ಪ್ಯಾನಿಷ್ ಚೀಟಿ

ಬಿ.ಜಿ. ಕೆರೆಯ ಗೋವರ್ಧನ ಹುಟ್ಟಾ ಅಂಜುಬುರುಕ. ಕಂಡಕ್ಟರು ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆದುಕೊಟ್ಟರೆ, ಇಳಿಯುವಾಗ ಅದನ್ನು ಕೇಳಲು ಹೆದರಿ ಹಾಗೇ ಇಳಿದುಬಿಡುತ್ತಿದ್ದ. ಅಂಚೆಯವನು ಓಣಿಯಲ್ಲಿ ಕಂಡರೆ, ಯಾರು ಸತ್ತರೋ ಎಂದು ಮನೆಯೊಳಗೆ ಸೇರಿಕೊಳ್ಳುತ್ತಿದ್ದ. ಇಂಥವನು ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಹನ್ನೊಂದು ವರ್ಷ ಗುಮಾಸ್ತಿಕೆ ಮಾಡಿದ್ದೂ ನಿಷ್ಠೆಯಿಂದೇನಲ್ಲ. ಕೆಲಸ ಬಿಡುತ್ತೇನೆಂದು ಮಾಲೀಕನೆದುರು ಹೇಳುವ ಧೈರ್ಯವಿರಲಿಲ್ಲ, ಅಷ್ಟೆ. ಆದರೆ ಅಂಜುಬುರುಕರಲ್ಲಿ ಒಂದು ದೊಡ್ಡ ದೋಷವಿದೆ. ಹೆದರಿಕೆ ಮಿತಿಮೀರಿದಾಗ ಅವರು ಬಾಯಿ ಮುಚ್ಚಿಕೊಂಡಿರುವ ಬದಲು ಸುಳ್ಳು ಹೇಳಿಬಿಡುತ್ತಾರೆ. ಅದೂ ಸಣ್ಣ ಪುಟ್ಟ ಸುಳ್ಳಲ್ಲ.

ಎರಡು ಸಾವಿರದ ಒಂದನೇ ಇಸವಿಯ ಶ್ರಾವಣದಲ್ಲಿ ಅವನು ಹೇಳಿದ್ದು ಅಂಥದೊಂದು ಸುಳ್ಳು. ಅಂದು ಚಳ್ಳಕೆರೆಯಲ್ಲಿ ಅವನ ಷಡ್ಡಕ ಜಂಪಣ್ಣನ ಹೊಸ ಮನೆಯ ಗೃಹಪ್ರವೇಶ. ಗೋವರ್ಧನನ ಹೆಂಡತಿ ಮಾಲತಿಯ ಅಕ್ಕನ ಗಂಡ ಈ ಜಂಪಣ್ಣ. ಗೊಬ್ಬರದ ಅಂಗಡಿ, ಸ್ಕೂಟರು, ಎರಡಂತಸ್ತಿನ ಮನೆ ಎಲ್ಲವೂ ಇದ್ದರೂ ಅವನಿಗೆ ಅಷ್ಟು ಸಾಲದಾಗಿತ್ತು. ಊಟದ ಪಂಕ್ತಿಯ ನಡುವೆ ಕಾನ್ವೆಂಟಿಗೆ ಹೋಗುವ ಮಗನನ್ನು ನಿಲ್ಲಿಸಿ, ಇಂಗ್ಲಿಷಿನಲ್ಲಿ ಪದ್ಯ ಹೇಳಿಸಿದ. ಪಾಯಸ ಬಡಿಸುವವರು ಸೌಟು ಹಿಡಿದು ನಿಂತೇ ಕೇಳಬೇಕಾಯಿತು. ಪದ್ಯ ಮುಗಿದ ಮೇಲೆ ಜಂಪಣ್ಣ ನಲವತ್ತು ಎಲೆಗಳಿಗೂ ಕೇಳುವ ಹಾಗೆ ಕೂಗಿದ:

"ಏನಪ್ಪ ಗೋವರ್ಧನ, ನಿನ್ನ ಮಕ್ಳಿಗೆ ಎ ಬಿ ಸಿ ಡಿ ಆದ್ರೂ ಬರ್ತೈತಾ, ಇಲ್ಲಾ ಇನ್ನೂ ಅಆಇಈನಾ?"

ನಲವತ್ತು ಮುಖಗಳೂ ಗೋವರ್ಧನನ ಕಡೆ ತಿರುಗಿದವು. ಅವನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆಗ ಅವನ ಕಣ್ಣಿಗೆ ಬಿದ್ದದ್ದು ಪಕ್ಕದಲ್ಲಿಟ್ಟಿದ್ದ ಕೈಚೀಲದಿಂದ ಇಣುಕುತ್ತಿದ್ದ ಒಂದು ಹರಕು ಪುಸ್ತಕ. ಅಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನು ಅದರ ಹಾಳೆ ಹರಿದು ಹರಿದು ಪೊಟ್ಟಣ ಕಟ್ಟುತ್ತಿದ್ದ. ಚಿತ್ರಗಳು ಚೆನ್ನಾಗಿವೆ, ಮಕ್ಕಳು ನೋಡಲಿ ಎಂದು ಗೋವರ್ಧನ ಉಳಿದರ್ಧವನ್ನು ಇಸಿದುಕೊಂಡಿದ್ದ. ಐದಾರು ವರ್ಷದ ಮಕ್ಕಳಿಗೆ ಮನೆಯಲ್ಲೇ ಸ್ಪ್ಯಾನಿಷ್ ಭಾಷೆ ಕಲಿಸುವುದು ಹೇಗೆಂದು ಅಮೆರಿಕದ ಯಾವಳೋ ತಾಯಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಅದು.

"ಇಂಗ್ಲಿಷು ಈಗ ಯಾರಿಗೆ ಬರಲ್ಲಣ್ಣ?" ಎಂದಿತು ಗೋವರ್ಧನನ ಬಾಯಿ. "ನಾವು ಮನ್ಯಾಗೆ ಸ್ಪ್ಯಾನಿಷ್ ಹೇಳಿಕೊಡ್ತಾ ಇದೀವಿ."

ಮಾಲತಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಜಂಪಣ್ಣ ಮೂರು ಬಾರಿ ಕಣ್ಣು ಪಿಳುಕಿಸಿದ. ಆಮೇಲೆ ನಿಧಾನವಾಗಿ, ಗೊಬ್ಬರ ತೂಗುವವನ ದನಿಯಲ್ಲಿ ಹೇಳಿದ: "ಬಾಳ ಚಲೋ ಆತು. ದಸರಾ ರಜೆಗೆ ನಾವೆಲ್ಲ ನಿಮ್ಮೂರಿಗೆ ಬರ್ತೀವಿ. ಮಕ್ಳ ಬಾಯಾಗೆ ಕೇಳೇ ಬಿಡಾನ."

ದಸರಾಕ್ಕೆ ಉಳಿದಿದ್ದದ್ದು ಎರಡು ತಿಂಗಳು.

ಮನೆಗೆ ಬಂದು ಗೋವರ್ಧನ ಪುಸ್ತಕ ಬಿಚ್ಚಿದ. ಶೇಂಗಾದವನು ಹಿಂದಿನಿಂದ ಹರಿಯುತ್ತ ಬಂದಿದ್ದರಿಂದ ಉಳಿದಿದ್ದು ಮೊದಲ ಮೂವತ್ತು ಪುಟ ಮಾತ್ರ. ಮೂವತ್ತೊಂದನೆಯ ಪುಟದಿಂದಾಚೆಗಿನ ವಿದ್ಯೆಯೆಲ್ಲ ಪೊಟ್ಟಣಗಳಾಗಿ ತಾಲೂಕಿನ ತುಂಬ ಹಂಚಿಹೋಗಿತ್ತು. ಇದ್ದ ಪುಟಗಳಲ್ಲಿ ನಿಯಮಗಳಿದ್ದವು. ಮಗುವಿನ ಕಣ್ಣಿಗೆ ಬೀಳುವ ಪ್ರತಿಯೊಂದು ವಸ್ತುವಿನ ಮೇಲೂ ಅದರ ಹೆಸರಿನ ಚೀಟಿ ಅಂಟಿಸಿ. ಮಗು ಬಾಯಿ ತೆರೆದಾಗಲೆಲ್ಲ ಸಿಹಿ ಕೊಡಿ. ನಿಯಮಗಳ ಕೊನೆಯಲ್ಲಿ ಒಂದು ಎಚ್ಚರಿಕೆಯೂ ಇತ್ತು: ಮಗುವಿನ ಮುಂದೆ ಹೆದರಬೇಡಿ, ನಿಮ್ಮ ಹೆದರಿಕೆಯನ್ನು ಮಗು ಭಾಷೆಗಿಂತ ಬೇಗ ಕಲಿಯುತ್ತದೆ. ಇದನ್ನು ಓದಿ ಗೋವರ್ಧನನಿಗೆ ನಿಜವಾಗಿ ಹೆದರಿಕೆಯಾಯಿತು.

ಮರುದಿನವೇ ಮೈದಾ ಗಂಜಿ ಕುದಿಯಿತು. ಮಗಳು ಸ್ವಪ್ನಳಿಗೆ ಆರು ವರ್ಷ, ಕನ್ನಡ ಅಕ್ಷರ ಬರುತ್ತಿತ್ತು. ಮಗ ಲೋಹಿತನಿಗೆ ನಾಲ್ಕು, ಯಾವ ಅಕ್ಷರವೂ ಬರುತ್ತಿರಲಿಲ್ಲ. ಹಾಗಾಗಿ ಗೋವರ್ಧನ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ದಪ್ಪಗೆ ಬರೆದು, ಪಕ್ಕದಲ್ಲಿ ಸಣ್ಣ ಚಿತ್ರ ಬಿಡಿಸಿ, ಮನೆಯ ತುಂಬ ನಲವತ್ತಮೂರು ಚೀಟಿ ಅಂಟಿಸಿದ. ಬಾಗಿಲಿಗೆ 'ಪ್ವೆರ್ತಾ', ನೀರಿನ ಹಂಡೆಗೆ 'ಆಗ್ವಾ'. ಒರಳು, ಒನಕೆ, ರೊಟ್ಟಿ ಹಂಚು ಯಾವುದೂ ತಪ್ಪಿಸಿಕೊಳ್ಳಲಿಲ್ಲ. ಕೊನೆಗೆ ಅವನ ತಾಯಿ ಬೋರಕ್ಕನ ಸೆರಗಿಗೂ ಒಂದು ಚೀಟಿ ಬಂತು.

"ಏನೋ ಇದು? ನಾನೇನು ಸಂತೆಗೆ ಹೊಡೆಯೋ ದನಾನಾ, ಚೀಟಿ ಹಚ್ಚಾಕೆ?"

"'ಅಬ್ವೆಲಾ' ಅಂತ ಬರೆದೀನವ್ವ. ಅಜ್ಜಿ ಅಂತ."

"ನಾನು ಅಜ್ಜಿ ಅಂತ ಮಕ್ಳಿಗೆ ಚೀಟಿ ನೋಡಿ ಗೊತ್ತಾಗ್ಬೇಕೇನೋ ಮೂಳ?" ಎಂದು ಬೋರಕ್ಕ ಅದನ್ನು ಕಿತ್ತು ಒಲೆಗೆ ಹಾಕಿದಳು.

ದಿನಾ ಸಂಜೆ ಮಿಲ್ಲಿನಿಂದ ಬಂದವನೇ ಗೋವರ್ಧನ ಬೆಲ್ಲದ ಡಬ್ಬಿ ಹಿಡಿದು ಪಡಸಾಲೆಯಲ್ಲಿ ಕೂರುತ್ತಿದ್ದ. "ವೆನ್ ಆಕೀ!" ಎಂದು ಕರೆಯುತ್ತಿದ್ದ. ಇಲ್ಲಿ ಬಾ ಎಂದರ್ಥ. ಬೆಲ್ಲದ ಆಸೆಗೆ ಮಕ್ಕಳು ಓಡಿ ಬರುತ್ತಿದ್ದರು. ಬಂದ ಮೇಲೆ ವಿದ್ಯೆ ಮುಂದಕ್ಕೆ ಸಾಗುತ್ತಿರಲಿಲ್ಲ. ಸ್ವಪ್ನ ಏಳೆಂಟು ಪದ ಪಿಸುಗುಟ್ಟಿ ಅಜ್ಜಿಯ ಸೆರಗಿನ ಹಿಂದೆ ಅಡಗುವಳು. ಲೋಹಿತ ಅದನ್ನೂ ಮಾಡುತ್ತಿರಲಿಲ್ಲ. ಬಾಯಿ ತೆರೆದರೆ ಬೆಲ್ಲ ಬೀಳುತ್ತದೆಂಬುದನ್ನು ಮೊದಲ ದಿನವೇ ಕಂಡುಕೊಂಡು, ಬಾಯಿ ತೆರೆದುಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಅವನಿಗೆ ಪುಸ್ತಕದಲ್ಲಿ ಇಷ್ಟವಾಗಿದ್ದು ಇಪ್ಪತ್ತೆರಡನೆಯ ಪುಟ ಒಂದೇ. ಅಲ್ಲಿ ನಾಯಿಗೆ ಹೆದರಿ ಮರ ಹತ್ತಿ ಕುಳಿತ ಎರಡು ಬೆಕ್ಕುಗಳ ಚಿತ್ರವಿತ್ತು. "ದೋಸ್ ಗಾತೋಸ್, ಎರಡು ಬೆಕ್ಕು" ಎಂದು ಗೋವರ್ಧನ ದಿನಕ್ಕೆ ಹತ್ತು ಸಲ ಓದಬೇಕು, ಹುಡುಗ ಹತ್ತು ಸಲ ನಗಬೇಕು. ಒಂದು ದಿನವೂ ತಿರುಗಿ ಹೇಳಲಿಲ್ಲ. ದಿನಗಳು ಉರುಳುತ್ತಿದ್ದವು. ಗೋವರ್ಧನನಿಗೆ ಕನಸಿನಲ್ಲೂ ಸ್ಕೂಟರಿನ ಸದ್ದು ಕೇಳಿಸತೊಡಗಿತು.

ಮೂವತ್ತನೆಯ ಪುಟದಲ್ಲಿ ಕೊನೆಯ ಪಾಠವಿತ್ತು. ಮಗುವನ್ನು ಮನೆಯಿಂದಾಚೆ ಬಿಡಿ, ಚೀಟಿಗಳನ್ನು ಅದರ ಕೈಗೇ ಕೊಡಿ, ಎಲ್ಲಿಗೆ ಯಾವುದು ಸಲ್ಲುತ್ತದೋ ಮಗುವೇ ಅಂಟಿಸಲಿ. ಹೇಳಿದ್ದನ್ನು ಹೇಳಿದಂತೆ ಮಾಡುವುದು ಗುಮಾಸ್ತರ ಧರ್ಮ. ಒಂದು ಬೆಳಿಗ್ಗೆ ಗೋವರ್ಧನ ಪ್ರಾಣಿಗಳ ಹೆಸರಿನ ನಾಲ್ಕು ಚೀಟಿಗಳನ್ನೂ ಕರಟದಲ್ಲಿ ಗಂಜಿಯನ್ನೂ ಲೋಹಿತನಿಗೆ ಕೊಟ್ಟು, ತಾನು ಬೇವಿನ ಕಡ್ಡಿ ಅಗಿಯುತ್ತ ಬಾಗಿಲಲ್ಲಿ ನಿಂತ. ನಾಯಿ ಚೀಟಿ ನೋಡಿ ಓಡಿಹೋಯಿತು. ಕೋಳಿ ಕೈಗೆ ಸಿಗಲಿಲ್ಲ. ಹುಡುಗ ಬೇಸರದಿಂದ ಜಗಲಿ ಹತ್ತಿ ನಿಂತ.

ಅಷ್ಟು ಹೊತ್ತಿಗೆ ಓಣಿಯಲ್ಲಿ ದೇವರ ಎತ್ತುಗಳು ಬಂದವು.

ಆ ಸೀಮೆಯಲ್ಲಿ ದೇವರ ಎತ್ತುಗಳೆಂದರೆ ಉಳುವ ಎತ್ತುಗಳಲ್ಲ. ದೇವರ ಹೆಸರಿಗೆ ಬಿಟ್ಟ ಹಿಂಡು ಅದು. ಅವುಗಳ ಹೆಗಲಿಗೆ ನೊಗವಿಲ್ಲ, ಮೈಗೆ ಬರೆಯಿಲ್ಲ. ಮಾರುವಂತಿಲ್ಲ, ಹೊಡೆಯುವಂತಿಲ್ಲ, ಬೈಯುವಂತೆಯೂ ಇಲ್ಲ. ಕಾಯುವವನನ್ನು ಕಿಲಾರಿ ಎನ್ನುತ್ತಾರೆ. ಬಿ.ಜಿ. ಕೆರೆಯ ಹಿಂಡಿಗೆ ನಲವತ್ತು ವರ್ಷದಿಂದ ಯತ್ತಪ್ಪನೇ ಕಿಲಾರಿ. ನೂರಿಪ್ಪತ್ತು ದನಗಳ ಮುಂದೆ ಯಾವಾಗಲೂ 'ದೊಡ್ಡಯ್ಯ' ನಡೆಯುತ್ತಿದ್ದ. ಊರಿನವರು ಆ ಹಿರಿ ಎತ್ತನ್ನು ಹಾಗೆಯೇ ಕರೆಯುತ್ತಿದ್ದುದು. ದೊಡ್ಡಯ್ಯ ಊರಾಚೆಯ ಹುಲ್ಲುಗಾವಲಿಗೆ, ಅಂದರೆ ಕಾವಲಿಗೆ, ಹೋಗುವಾಗ ದಿನವೂ ಬೋರಕ್ಕನ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಅವಳು ಕೊಟ್ಟ ಜೋಳದ ರೊಟ್ಟಿ ತಿಂದು ಮುಂದಕ್ಕೆ ಹೋಗುತ್ತಿದ್ದ.

ಅಂದೂ ನಿಂತ. ಬೋರಕ್ಕ ರೊಟ್ಟಿ ಕೊಟ್ಟು, ಅವನ ಕಾಲಿಗೆ ತಲೆ ತಾಗಿಸಿದಳು. ಯತ್ತಪ್ಪ ಹಿಂದೆ ಬಿದ್ದ ಕರುವನ್ನು ಕರೆತರಲು ತಿರುಗಿದ್ದ. ಜಗಲಿಯ ಮೇಲೆ ನಿಂತಿದ್ದ ಲೋಹಿತನ ಎದೆಮಟ್ಟಕ್ಕೆ ಸರಿಯಾಗಿ ದೊಡ್ಡಯ್ಯನ ವಿಶಾಲವಾದ ಹಣೆ ಬಂದಿತ್ತು. ಹುಡುಗ ಚೀಟಿಗಳಲ್ಲಿ ಕೊಂಬಿನ ಚಿತ್ರವಿದ್ದುದನ್ನು ಆರಿಸಿ, ಹಿಂದಕ್ಕೆ ಗಂಜಿ ಬಳಿದು, ಅಂಗೈಯಿಂದ ಒತ್ತಿ ಅಂಟಿಸಿದ.

ಇದನ್ನು ಕಂಡವನು ಗೋವರ್ಧನ ಒಬ್ಬನೇ. ಕೂಗೋಣವೆಂದರೆ ಬಾಯಲ್ಲಿ ಬೇವಿನ ಕಡ್ಡಿ. ಓಡಿಹೋಗಿ ಕೀಳೋಣವೆಂದರೆ ಇನ್ನೂ ಸ್ನಾನವಾಗಿಲ್ಲ, ಮೈಲಿಗೆಯ ಕೈಯಲ್ಲಿ ದೇವರ ಎತ್ತಿನ ಹಣೆ ಮುಟ್ಟುವುದುಂಟೇ? ಅವನು ಮುಟ್ಟಲೋ ಬಿಡಲೋ ಎಂದು ಲೆಕ್ಕ ಹಾಕುತ್ತಿರುವಾಗಲೇ ದೊಡ್ಡಯ್ಯ ಹಣೆಯ ಚೀಟಿಯೊಂದಿಗೆ ಗಂಭೀರವಾಗಿ ಕಾವಲಿಗೆ ಹೊರಟುಹೋದ. ಚೀಟಿಯಲ್ಲಿ 'ವಾಕಾ' ಎಂದಿತ್ತು. ವಾಕಾ ಎಂದರೆ ಹಸು. ನೂರಿಪ್ಪತ್ತು ದನಗಳ ಯಜಮಾನನ ಹಣೆಯ ಮೇಲೆ, ಅವನು ಹೆಣ್ಣೆಂದು ಬರೆದು ಅಂಟಿಸಿದಂತಾಯಿತು.

ಗೋವರ್ಧನ ಸಂಜೆ ಮಿಲ್ಲಿನಿಂದ ಬರುವಷ್ಟರಲ್ಲಿ ಊರು ಕದಡಿತ್ತು. ದೊಡ್ಡಯ್ಯ ಇಡೀ ದಿನ ಹುಲ್ಲು ಮುಟ್ಟಿರಲಿಲ್ಲ, ತಲೆ ಒದರುತ್ತ ನಿಂತಿದ್ದ. ಗಂಜಿ ಒಣಗಿ ಹಣೆಯ ಕೂದಲು ಎಳೆಯುತ್ತಿದ್ದರೆ ಯಾರಿಗೆ ತಾನೆ ಊಟ ಸೇರುತ್ತದೆ? ಆದರೆ ಊರಿನವರು ಹಾಗೆ ಯೋಚಿಸಲಿಲ್ಲ. ಓದಲು ಬರುತ್ತದೆ, ಅರ್ಥವಾಗುವುದಿಲ್ಲ. ಅಂದ ಮೇಲೆ ಅದು ಮಂತ್ರವಲ್ಲದೆ ಇನ್ನೇನು? ದೇವರ ಎತ್ತಿಗೇ ಮಾಟ ಮಾಡಿದ್ದಾರೆ ಎಂಬ ಮಾತು ದೀಪ ಹಚ್ಚುವ ಮುನ್ನ ಪ್ರತಿ ಮನೆಗೂ ಮುಟ್ಟಿತು. ಪಂಚಾಯಿತಿಯ ಸೆಕ್ರೆಟರಿ ಉಗ್ರಪ್ಪ ಚೀಟಿಯನ್ನು ನೀರು ಹಚ್ಚಿ ಬಿಡಿಸಿಕೊಂಡು, ಇಬ್ಬರು ಪಂಚರ ಸಮಕ್ಷಮ ಮಹಜರನ್ನೂ ಬರೆದ:

"ಸದರಿ ಕಾಗದದ ಮೇಲಿನ 'ವಾಕಾ' ಎಂಬ ಪದಕ್ಕೆ ಕನ್ನಡದಲ್ಲಾಗಲಿ, ತೆಲುಗಿನಲ್ಲಾಗಲಿ, ಉರ್ದುವಿನಲ್ಲಾಗಲಿ ಅರ್ಥ ದೊರೆತಿರುವುದಿಲ್ಲ. ಸದರಿ ಎತ್ತು ಯಾರ ಮೇಲೂ ಅನುಮಾನ ವ್ಯಕ್ತಪಡಿಸಿರುವುದಿಲ್ಲ."

ಗೋವರ್ಧನ ಮನೆಗೆ ಓಡಿ ಬಂದು ಬಾಗಿಲು ಹಾಕಿದ. ಬಾಗಿಲ ಹಿಂದೆಯೇ 'ಪ್ವೆರ್ತಾ' ಎಂಬ ಚೀಟಿ, ಅದೇ ಕೈಬರಹ, ಅದೇ ಕಾಗದ. ಸುತ್ತ ನೋಡಿದರೆ ಇನ್ನೂ ನಲವತ್ತು ಚಿಲ್ಲರೆ ಸಾಕ್ಷಿಗಳು ಗೋಡೆ ಗೋಡೆಯಿಂದಲೂ ಅವನನ್ನೇ ನೋಡುತ್ತಿದ್ದವು.

"ಕೆರಿಯೇ ಮಾಲತಿ, ಎಲ್ಲಾ ಕೆರಿಯೇ!"

ಮಾಲತಿ ರೊಟ್ಟಿ ಮಗುಚುವ ಸಟ್ಟುಗ ಹಿಡಿದಳು, ಗೋವರ್ಧನ ಈಳಿಗೆ ಹಿಡಿದ. ಒಂದೂವರೆ ತಿಂಗಳು ಒಣಗಿದ ಮೈದಾ ಗಂಜಿ ಸುಣ್ಣವನ್ನೂ ಕಿತ್ತುಕೊಂಡು ಬಂತೇ ಹೊರತು ಪೂರ್ತಿ ಬಿಡಲಿಲ್ಲ. ಬೋರಕ್ಕ ಮೂಲೆಯಲ್ಲಿ ಕುಳಿತು ಮಗನನ್ನೇ ನೋಡುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ತಾಯಿ ಬೈದರೆ ಗೋವರ್ಧನನಿಗೆ ಹೆದರಿಕೆ. ಬೈಯದಿದ್ದರೆ ಇನ್ನೂ ಹೆಚ್ಚು.

ಅಷ್ಟರಲ್ಲಿ ಪಕ್ಕದ ಮನೆಯ ಜಯಕ್ಕ ಹಾಲಿಗೆ ಹೆಪ್ಪು ಕೇಳಲು ಹಿತ್ತಲ ಬಾಗಿಲಿಂದ ಒಳಗೆ ಬಂದಳು. ಅರ್ಧ ಹರಿದ ಚೀಟಿಗಳನ್ನೂ ಈಳಿಗೆ ಹಿಡಿದು ಬೆವರುತ್ತಿದ್ದ ಗೋವರ್ಧನನನ್ನೂ ನೋಡಿ ಬಟ್ಟಲು ಕೆಳಗೆ ಬಿಟ್ಟಳು.

"ಅಯ್ಯಯ್ಯೋ ನಮ್ಮಪ್ಪಾ! ನಿಮ್ಮನಿಗೂ ಮಾಡವ್ರಾ? ಮನೆ ತುಂಬಾ ಮಾಡವ್ರಲ್ಲೋ!"

ಗೋವರ್ಧನ ಸತ್ಯ ಹೇಳಲೆಂದೇ ಬಾಯಿ ತೆರೆದ. ಹೆದರಿಕೆ ಮಿತಿಮೀರಿತ್ತು. "ಹೂಂ ಜಯಕ್ಕ" ಎಂದುಬಿಟ್ಟ.

ಅರ್ಧ ಗಂಟೆಯಲ್ಲಿ ಓಣಿಯೇ ಅವನ ಮನೆಯೊಳಗಿತ್ತು. ಗೋವರ್ಧನನನ್ನು ಮಣೆಯ ಮೇಲೆ ಕೂರಿಸಿ ಉಪ್ಪು, ಮೆಣಸಿನಕಾಯಿ, ಕಸಬರಿಗೆ ಕಡ್ಡಿಯಲ್ಲಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ಇದೆ ಎಂಬುದು ಲೆಕ್ಕ. ಮಾಟವೆಂದು ನಂಬಿಯೇ ಬಂದಿದ್ದ ಅಷ್ಟು ಜನರೂ ಕಣ್ಣು ಉರಿದರೂ ಕೆಮ್ಮು ತಡೆದುಕೊಂಡು ನಿಂತರು. "ನೋಡಿದ್ರಾ, ಒಂದು ಕೆಮ್ಮೂ ಇಲ್ಲ!" ಎಂದಳು ಜಯಕ್ಕ. ಊರಿನಲ್ಲಿ ಹನ್ನೊಂದು ವರ್ಷ ಯಾರೂ ಮಾತನಾಡಿಸದ ಗುಮಾಸ್ತ ಒಂದೇ ಸಂಜೆಯಲ್ಲಿ ದೊಡ್ಡ ಮನುಷ್ಯನಾದ. ಇದೇನೂ ಕೆಟ್ಟದಾಗಿಲ್ಲವಲ್ಲ ಎಂದು ಅವನಿಗೂ ಒಂದು ಗಳಿಗೆ ಅನಿಸಿತು. ಪಾಪ, ಒಂದೇ ಗಳಿಗೆ.

ಮರುದಿನ ಬೆಳಿಗ್ಗೆ ಗುಡಿಯ ಮುಂದಿನ ಕಟ್ಟೆಯಲ್ಲಿ ಊರು ಸೇರಿತು. ಕಟ್ಟೆಯ ನಡುವೆ ಕುಳಿತವನು ಹಿರಿಯ ಹನುಮಣ್ಣ. ಅವನ ಮಾತಿಗೆ ಊರಲ್ಲಿ ಎದುರಿರಲಿಲ್ಲ. ಮಾಟಕ್ಕೆ ಸಿಕ್ಕವನೆಂದು ಗೋವರ್ಧನನಿಗೆ ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತು. ಹಿಂದೆ ಹೆಂಗಸರ ನಡುವೆ ಮಾಲತಿ, ಬೋರಕ್ಕ, ಮಕ್ಕಳು.

"ಮಾಡ್ದೋನು ಯಾರಂತ ಗೊತ್ತಾಗ್ಬೇಕು" ಎಂದ ಹನುಮಣ್ಣ. "ಊರೋನಾದ್ರೆ ಗುಡಿಯಿಂದ ಹೊರಗೆ. ಅವನ ಮನೆ ಬೆಂಕಿ ನೀರು ಯಾರೂ ಮುಟ್ಟಂಗಿಲ್ಲ. ಹೊರಗ್ನೋನಾದ್ರೆ ಪೊಲೀಸ್ನೋರಿಗೆ."

ಜಯಕ್ಕ ಎದ್ದು ನಿಂತಳು. "ಹೊರಗ್ನೋನೇ ಕಣ್ರಿ! ನಿನ್ನೆ ಬೆಳಿಗ್ಗೆ ಓಣ್ಯಾಗೆ ಸ್ಟೀಲ್ ಪಾತ್ರೆಯೋನು ಬಂದಿದ್ದ. ಬಗಲಾಗೆ ಒಂದು ಬರೆಯೋ ಬುಕ್ಕೂ ಇತ್ತು!"

ಮೊಳಕಾಲ್ಮೂರು ಕಡೆಯ ಪಾತಣ್ಣ ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವನು. ಅವನ ದುರದೃಷ್ಟಕ್ಕೆ ಅಂದೂ ಊರಲ್ಲೇ ಇದ್ದ. ನಾಲ್ವರು ಹೋಗಿ ಅವನನ್ನು ಬುಟ್ಟಿಯ ಸಮೇತ ಎಳೆದು ತಂದರು. ಅವನ ಪುಸ್ತಕ ಬಿಚ್ಚಿದರೆ ಒಳಗೆಲ್ಲ ತೆಲುಗು ಅಕ್ಷರ. ಕಟ್ಟೆಯಲ್ಲಿ ಗದ್ದಲವೆದ್ದಿತು. ಉಗ್ರಪ್ಪ ಮಹಜರಿಗೆ ಇನ್ನೊಂದು ಹಾಳೆ ಸೇರಿಸಿದ.

"ನಾಕೇಮಿ ತೆಲೀದು ಸ್ವಾಮೀ, ನಂಗೇನೂ ಗೊತ್ತಿಲ್ಲ! ಸೀರೆ ಲೆಕ್ಕ ಬರ್ಕೊಂಡೀನಿ, ಬೇರೇನಿಲ್ಲ!" ಎಂದು ಪಾತಣ್ಣ ಬುಟ್ಟಿ ತೋಳಲ್ಲಿದ್ದಂತೆಯೇ ಕೈ ಮುಗಿದ. ಬುಟ್ಟಿಯ ಲೋಟಗಳು ಗಡಗಡ ಸದ್ದು ಮಾಡುತ್ತಿದ್ದವು. ಅವನ ಕೈ ಅಷ್ಟು ನಡುಗುತ್ತಿತ್ತು.

ಗೋವರ್ಧನ ಆ ಕೈಗಳನ್ನು ನೋಡಿದ. ಅವು ಹೇಗೆ ನಡುಗುತ್ತವೆಂದು ಊರಲ್ಲಿ ಅವನಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ಅವನಿಗೆ ನಿಜವಾಗಿ ಸಂಕಟವಾಯಿತು. ಹಿಂದೆ ತಿರುಗಿದರೆ ತಾಯಿಯ ಕಣ್ಣು ಕಾಣಿಸಿತು. ಎದ್ದು ನಿಂತ. ಬಾಯಿ ತೆರೆದ. ದನಿ ಬರಲಿಲ್ಲ. ಊರೆಲ್ಲ ಅವನ ತೆರೆದ ಬಾಯನ್ನೇ ನೋಡುತ್ತಿತ್ತು. ಅದು ಮುಚ್ಚಿಕೊಳ್ಳಲೂ ಇಲ್ಲ, ಮಾತಾಡಲೂ ಇಲ್ಲ.

ಆಗ ಲೋಹಿತ ಅಜ್ಜಿಯ ಕೈ ಬಿಡಿಸಿಕೊಂಡು ಬಂದ. ಅಪ್ಪ ಬಾಯಿ ತೆರೆದು ನಿಂತಿದ್ದಾನೆ, ಮಾತು ಬರುತ್ತಿಲ್ಲ. ಇದಕ್ಕೇನು ಮಾಡಬೇಕೆಂಬುದು ಆ ಮಗುವಿಗೆ ಚೆನ್ನಾಗಿ ಗೊತ್ತಿತ್ತು. ಕಟ್ಟೆ ಹತ್ತಿ, ಚಡ್ಡಿಯ ಜೇಬಿನಿಂದ ನೂಲು ಹತ್ತಿದ ಒಂದು ಬೆಲ್ಲದ ಚೂರು ತೆಗೆದು, ತುದಿಗಾಲಲ್ಲಿ ನಿಂತು ಅಪ್ಪನ ಬಾಯಿಗೆ ಹಾಕಿದ.

ಬೆಲ್ಲ ಒಳಗೆ ಹೋಯಿತು, ಮಾತು ಹೊರಗೆ ಬಂತು.

"ನಾನೇ ಹನುಮಣ್ಣ. ಚೀಟಿ ನಂದೇ. ಮಾಟ ಅಲ್ಲ, ಸ್ಪ್ಯಾನಿಷ್ಷು. ಮಕ್ಳಿಗೆ ಹೇಳಿಕೊಡ್ತಿದ್ದೆ. ಷಡ್ಡಕನ ಮುಂದೆ ಸುಳ್ಳು ಹೇಳಿದ್ದೆ. ಪಾತಣ್ಣನ್ನ ಬಿಟ್ಬಿಡ್ರಿ" ಎಂದು ಗೋವರ್ಧನ ಶ್ರಾವಣದಿಂದ ಹಿಡಿದು ಎಲ್ಲವನ್ನೂ ಉಸಿರು ಬಿಡದೆ ಹೇಳಿದ. ಪಾತಣ್ಣನ ಲೋಟಗಳ ಸದ್ದು ನಿಂತಿತು.

ಕಿಲಾರಿ ಯತ್ತಪ್ಪ ಅಲ್ಲಿಯವರೆಗೂ ಸುಮ್ಮನಿದ್ದವನು ಮುಂದೆ ಬಂದ. "ದೊಡ್ಡಯ್ಯನ ಹಣಿ ಮೇಲೆ ಏನಂತ ಬರೆದಿತ್ತು?"

ಇಡೀ ಲೋಕದಲ್ಲಿ ಗೋವರ್ಧನ ಹೆದರಿದ್ದ ಪ್ರಶ್ನೆ ಇದೊಂದೇ. "ಹಸು ಅಂತ, ಯತ್ತಣ್ಣ."

ಯತ್ತಪ್ಪ ಇನ್ನೊಂದು ಹೆಜ್ಜೆ ಮುಂದೆ ಬಂದ.

"ದೊಡ್ಡಯ್ಯಂಗೆ ಹಸು ಅಂದ್ಯಾ?"

"ಎತ್ತಿನ ಹೆಸ್ರು ಪುಸ್ತಕದಾಗೆ ಇರ್ಲಿಲ್ಲಣ್ಣ. ಮೂವತ್ತೊಂದ್ನೇ ಪುಟದಾಚಿಗೆ ಇತ್ತೇನೋ."

ಹನುಮಣ್ಣ ಮೀಸೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೆಳಗೆ ನೋಡಿದ. ಮೀಸೆ ಅಲುಗುತ್ತಿತ್ತು, ಸಿಟ್ಟಿಗೋ ನಗುವಿಗೋ ಹೇಳುವಂತಿರಲಿಲ್ಲ. ಕೊನೆಗೆ ತೀರ್ಪು ಕೊಟ್ಟ. "ತಪ್ಪು ದೇವ್ರ ದನಕ್ಕೆ ಆಗೈತೆ, ದೇವ್ರ ದನಾನೇ ಕಾಯಿ. ಒಂಬತ್ತು ದಿನ. ಬರಿಗಾಲು. ಕೈಯಾಗೆ ಕೋಲಿರಂಗಿಲ್ಲ, ಬಾಯಾಗೆ ಬೈಗುಳ ಇರಂಗಿಲ್ಲ. ಮೊದ್ಲು ಪಾತಣ್ಣಂಗೆ ಊಟ ಹಾಕು."

ಪಾತಣ್ಣ ಅಂದು ಬೋರಕ್ಕನ ಮನೆಯಲ್ಲಿ ಎಂಟು ರೊಟ್ಟಿ ತಿಂದ. ಹೋಗುವಾಗ ಲೋಹಿತನಿಗೆ ಒಂದು ಪುಟ್ಟ ಲೋಟ ಕೊಟ್ಟು ಹೋದ.

ಮಾಲೀಕನನ್ನು ಒಂಬತ್ತು ದಿನ ರಜೆ ಕೇಳುವುದು ಕಟ್ಟೆಯ ಮೇಲೆ ನಿಲ್ಲುವುದಕ್ಕಿಂತ ಕಷ್ಟವಾಗಿತ್ತು. ಆದರೆ ದೇವರ ದನವೆಂದ ಕೂಡಲೆ ಮಾಲೀಕನೂ ಹೆದರಿ, ತನ್ನ ಹೆಸರಿನಲ್ಲಿ ಒಂದು ಚೀಲ ಶೇಂಗಾ ಹಿಂಡಿ ಕಳಿಸಿದ. ಹೀಗೆ ಗೋವರ್ಧನ ಹಿಂಡಿಯ ಚೀಲ ಹೊತ್ತು, ಬರಿಗಾಲಲ್ಲಿ ಕಾವಲಿನ ಮುಳ್ಳು ಎಣಿಸುತ್ತ ನೂರಿಪ್ಪತ್ತು ಜೊತೆ ಕೊಂಬುಗಳ ಹಿಂದೆ ಹೊರಟ.

ಮೊದಲ ದಿನ ಅವನು ದನಗಳನ್ನು ಕಾಯಲಿಲ್ಲ, ದನಗಳೇ ಅವನನ್ನು ಕಾದವು. ಯಾವುದಾದರೂ ತಲೆಯೆತ್ತಿ ನೋಡಿದರೆ ಸಾಕು, ಗೋವರ್ಧನ ಯತ್ತಪ್ಪನ ಕಂಬಳಿ ಹಿಡಿದುಕೊಳ್ಳುತ್ತಿದ್ದ.

"ಕೂಗೋ! ಹಿಂಡು ಚೆದುರ್ತೈತೆ, ಕೂಗಿ ಕರಿ!" ಎಂದ ಯತ್ತಪ್ಪ.

ಕಿಲಾರಿಯ ಕೂಗು ಎಲ್ಲರಿಗೂ ಬರುವಂಥದಲ್ಲ. ಕನ್ನಡದಲ್ಲಿ ಕರೆಯಲು ಹೋಗಿ ನಾಲಿಗೆ ತಪ್ಪಿ ಬೈಗುಳ ಬಂದುಬಿಟ್ಟರೆ? ಇಷ್ಟು ದಿನದ ರೂಢಿಯಲ್ಲಿ ಅವನ ಬಾಯಿಗೆ ಬಂದದ್ದು ಒಂದೇ. ಹಿಂಡಿಯ ಚೂರು ಅಂಗೈಯಲ್ಲಿಟ್ಟು ಚಾಚಿ ಕೂಗಿದ: "ವೆನ್ ಆಕೀ!"

ಒಂದು ಕರು ಬಂತು, ಹಿಂಡಿ ತಿಂದಿತು. ಮರುದಿನ ಹತ್ತು ಬಂದವು. ನಾಲ್ಕನೆಯ ದಿನಕ್ಕೆ ದೊಡ್ಡಯ್ಯನೇ ಬಂದು ಅವನ ಅಂಗೈ ನೆಕ್ಕಿದ. ಆರನೆಯ ದಿನಕ್ಕೆ ಗೋವರ್ಧನ ಗುಡ್ಡದ ಈಚೆ ಕೂಗಿದರೆ ಆಚೆಯ ಇಳಿಜಾರಿನಿಂದಲೂ ದನ ಹೊರಳಿ ಬರುತ್ತಿದ್ದವು. ಯತ್ತಪ್ಪ ಬೀಡಿ ಆರಿಸಿ ನೋಡಿದ. "ನಲವತ್ತು ವರ್ಷ ನಾನು ಗಂಟ್ಲು ಹರ್ಕೊಂಡಿದ್ದು ಯಾತಕ್ಕೂ ಬರ್ಲಿಲ್ಲ. ಹಿಂಡಿಗೆ ಮಾರ್ಕೊಂಡ್ವು, ಲೌಡಿ ಮ..." ಎಂದವನು ದೇವರ ದನವೆಂಬುದು ನೆನಪಾಗಿ ಗಲ್ಲ ಬಡಿದುಕೊಂಡ.

ಒಂಬತ್ತನೆಯ ದಿನಕ್ಕೆ ದಸರಾ ರಜೆ ಬಂತು, ಸ್ಕೂಟರಿನ ಸದ್ದೂ ಕೇಳಿತು. ಈ ಬಾರಿ ಕನಸಾಗಿರಲಿಲ್ಲ. ಜಂಪಣ್ಣ ತನ್ನ ಮಗನನ್ನು ಮುಂದೆ ನಿಲ್ಲಿಸಿಕೊಂಡು, ಸ್ವಪ್ನ ಲೋಹಿತರನ್ನು ಹಿಂದೆ ಕೂರಿಸಿಕೊಂಡು, ಕಾವಲಿನ ದಾರಿಯಲ್ಲಿ ಕುಲುಕುತ್ತ ಬಂದಿಳಿದ. ಮಕ್ಕಳು ಓಡಿಹೋಗಿ ಬಂಡೆಯ ಮೇಲೆ ಯತ್ತಪ್ಪನ ಪಕ್ಕ ಕುಳಿತರು.

"ಊರಾಗೆಲ್ಲ ನಿಂದೇ ಸುದ್ದಿ ಕಣಪ್ಪ" ಎಂದ ಜಂಪಣ್ಣ, ನಗು ತಡೆದುಕೊಂಡು. "ಇರ್ಲಿ, ನಾನು ಬಂದಿದ್ದು ಪರೀಕ್ಷೆಗೆ. ಎಲ್ಲಿ, ಮಾತಾಡ್ಸು ಮಕ್ಳನ್ನ."

ಗೋವರ್ಧನ ಮಕ್ಕಳ ಕಡೆ ನೋಡಿದ. ಸ್ವಪ್ನ ಲಂಗದ ಅಂಚು ಕಡಿದಳು. ಲೋಹಿತ ಬಾಯಿ ತೆರೆದು ಬೆಲ್ಲಕ್ಕೆ ಕಾದ. ಬೆಲ್ಲವಿರಲಿಲ್ಲ. ಜಂಪಣ್ಣನ ನಗು ಕಿವಿಯವರೆಗೆ ಹರಡಿತು. ಮತ್ತೆ ಆ ನಲವತ್ತು ಎಲೆಗಳ ಪಂಕ್ತಿ ಗೋವರ್ಧನನ ಕಣ್ಮುಂದೆ ಬಂತು, ಹೆದರಿಕೆ ಮಿತಿಮೀರಿತು.

"ಮಕ್ಳ ಮಾತು ಬಿಡಣ್ಣ. ನಮ್ಮೂರ ದನಕ್ಕೂ ಸ್ಪ್ಯಾನಿಷ್ ಬರ್ತೈತೆ."

ಜಂಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸಾಕಾದ ಮೇಲೆ ಮಗನಿಗೆ ಹೇಳಿದ, "ಲೇ, ನೀನು ಇಂಗ್ಲಿಷ್ನಾಗೆ ಕರಿಯೋ." ಹುಡುಗ ಕೈ ಕಟ್ಟಿ ನಿಂತು, ಕಾನ್ವೆಂಟಿನಲ್ಲಿ ಕಲಿಸಿದಂತೆ, "ಕಮ್ ಹಿಯರ್" ಎಂದ. ಒಂದು ಕಿವಿಯೂ ಅಲುಗಲಿಲ್ಲ.

ಗೋವರ್ಧನ ಎದೆ ತುಂಬ ಉಸಿರು ತೆಗೆದುಕೊಂಡ.

"ವೆನ್ ಆಕೀ!"

ನೂರಿಪ್ಪತ್ತು ತಲೆಗಳು ಒಟ್ಟಿಗೆ ಮೇಲೆದ್ದವು. ಜಂಪಣ್ಣನ ನಗು ಬಾಯಲ್ಲೇ ನಿಂತಿತು. ಅವನ ತೆರೆದ ಬಾಯನ್ನು ನೋಡುತ್ತ ಗೋವರ್ಧನ ಆಯುಷ್ಯದಲ್ಲಿ ಮೊದಲ ಬಾರಿಗೆ ಹೆದರಿಕೆಯೇ ಇಲ್ಲದೆ ನಿಂತಿದ್ದ. ಆ ಸುಖ ಸುಮಾರು ಒಂದು ನಿಮಿಷವಿತ್ತು. ಆಮೇಲೆ ಅವನಿಗೆ, ಹಿಂಡಿ ನಿನ್ನೆಯೇ ಮುಗಿದುಹೋಗಿರುವುದು ನೆನಪಾಯಿತು.

ದನಗಳಿಗೆ ಅದು ಗೊತ್ತಿರಲಿಲ್ಲ. ದೊಡ್ಡಯ್ಯ ಮುಂದೆ, ಹಿಂಡು ಹಿಂದೆ, ಧೂಳೆಬ್ಬಿಸಿಕೊಂಡು ಬರುತ್ತಿತ್ತು.

"ನಿಲ್ಲು ಅನ್ನೋ ಅವಕ್ಕೆ!" ಎಂದ ಜಂಪಣ್ಣ, ಹಿಂದೆ ಹಿಂದೆ ಸರಿಯುತ್ತ. "ಸ್ಪ್ಯಾನಿಷ್ನಾಗೆ ನಿಲ್ಲು ಅನ್ನು!"

"ಅದು ಮೂವತ್ತೊಂದ್ನೇ ಪುಟದಾಚಿಗೆ ಐತಣ್ಣ!"

"ಎಲ್ಲೈತೋ ಆ ಪುಟ?"

"ಶೇಂಗಾ ಕಟ್ಟಿ ಮಾರಿಬಿಟ್ಟ!"

ಹತ್ತಿರದಲ್ಲಿದ್ದದ್ದು ಒಂದೇ ಮರ, ಅದೂ ಜಾಲಿ ಮರ. ಬೇರೆ ದಿನವಾಗಿದ್ದರೆ ಅದರ ನೆರಳಿಗೂ ಜಂಪಣ್ಣ ಹೋಗುತ್ತಿರಲಿಲ್ಲ. ಇಂದು ಗೊಬ್ಬರದಂಗಡಿಯ ಯಜಮಾನ ಬಿಳಿ ಪಂಚೆಯ ಸಮೇತ ಮೊದಲ ಕೊಂಬೆಗೆ ಹಾರಿದ. ಎರಡನೆಯ ಕೊಂಬೆಗೆ ಬರಿಗಾಲಿನ ಗೋವರ್ಧನ. ಹಿಂಡು ಮರದ ಸುತ್ತ ಬಂದು ನಿಂತು ನಾಲಿಗೆ ಚಾಚಿತು. ದೊಡ್ಡಯ್ಯ ಕೆಳಗೆ ಬಿದ್ದ ಜಂಪಣ್ಣನ ಚಪ್ಪಲಿ ಮೂಸಿ ನೋಡಿ, ಹಿಂಡಿಯಲ್ಲವೆಂದು ತಿಳಿದು, ಇನ್ನೊಂದನ್ನು ಕೇಳುವವನಂತೆ ಕತ್ತೆತ್ತಿದ.

ಯತ್ತಪ್ಪ ಬಂಡೆಯ ಮೇಲೆ ನಗುತ್ತ ಕುಳಿತಿದ್ದ. ದನ ತಿರುಗಿಸಲು ಅವನಿಗೆ ಒಂದು ಕೂಗು ಸಾಕಿತ್ತು. ಆದರೆ ಇಂಥ ನೋಟ ನಲವತ್ತು ವರ್ಷಕ್ಕೊಮ್ಮೆ ಸಿಗುವಂಥದು, ಅವನಿಗೆ ಅವಸರವಿರಲಿಲ್ಲ. ಅವನ ಪಕ್ಕದಲ್ಲಿ ಲೋಹಿತ ಎದ್ದು ನಿಂತ. ಮರದ ಮೇಲೆ ತೆಕ್ಕೆ ಹಾಕಿಕೊಂಡು ಕುಳಿತ ಇಬ್ಬರನ್ನೂ ಕಣ್ಣರಳಿಸಿ ನೋಡಿದ. ಬೆಲ್ಲವಿಲ್ಲದೆ, ಯಾರೂ ಕೇಳದೆ, ಬೆರಳು ತೋರಿಸಿ, ಕಾವಲಿಗೆಲ್ಲ ಕೇಳುವಂತೆ ಸ್ಪಷ್ಟವಾಗಿ ಕೂಗಿದ:

"ದೋಸ್ ಗಾತೋಸ್!"

ಸ್ವಪ್ನ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಗೋವರ್ಧನನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಜಾಲಿ ಮುಳ್ಳಿಗೆ, ಹೆಚ್ಚು ಸಂತೋಷಕ್ಕೆ.

"ಸ್ಪ್ಯಾನಿಷ್ ಮಾತಾಡ್ತು ಕಣೋ ಹುಡುಗ!" ಎಂದ ಜಂಪಣ್ಣ, ನೋವೆಲ್ಲ ಮರೆತು. "ಏನಂತೋ ಅದು? ನಮ್ಮಿಬ್ರನ್ನೂ ತೋರ್ಸಿ ಅಂದ. ಏನಂದ?"

ಗೋವರ್ಧನ ಷಡ್ಡಕನ ಮುಖ ನೋಡಿದ, ಕೆಳಗಿನ ಕೊಂಬುಗಳನ್ನು ನೋಡಿದ. ಹೆದರಿಕೆ ಮೆಲ್ಲಗೆ ಮಿತಿಮೀರಿತು.

"ಹಿರಿಯರಿಗೆ ನಮಸ್ಕಾರ ಅಂದಣ್ಣ."

ಜಂಪಣ್ಣನ ಮುಖ ಅರಳಿತು. ಒಂದು ಕೈಯಲ್ಲಿ ಜಾಲಿ ಕೊಂಬೆಯನ್ನು ಗಟ್ಟಿಯಾಗಿ ಅವುಚಿಕೊಂಡು, ಇನ್ನೊಂದನ್ನು ಎತ್ತಿ, ಬಂಡೆಯ ಮೇಲಿನ ಮಗುವಿಗೆ ಮನಸಾರೆ ಆಶೀರ್ವಾದ ಮಾಡಿದ.

"ನೂರು ವರ್ಷ ಬಾಳಪ್ಪ!"